ದೊಡ್ಡಮ್ಮನ ಜೊತೆ ಪ್ರಳಯ

ಕಲಾತ್ಮಕ ಚಿತ್ರಗಳನ್ನು ಒಬ್ಬರೇ ಕೂತು ನೋಡಬೇಕು. ಅದರಲ್ಲೂ ಡೆನ್ಮಾರ್ಕಿನ ಲಾರ್ಸ್ ವಾನ್ ಟ್ರಯರ್ 2011ರಲ್ಲಿ ಮಾಡಿದ ‘ಮೆಲಾಂಕೊಲಿಯಾ’ದಂಥದ್ದನ್ನು. ಖಿನ್ನತೆಗೆ ಸಿಕ್ಕ ತಂಗಿ, ಗಾಬರಿಯ ಅಕ್ಕ, ಭೂಮಿಗೆ ಬಂದು ಬಡಿಯುವ ಒಂದು ಗ್ರಹ. ಕಥೆ ಇಷ್ಟೇ. ಆದರೆ ನಮ್ಮ ಮನೆಯಲ್ಲಿ ಟಿವಿ ಇರುವುದು ಹಾಲ್‌ನಲ್ಲಿ. ಅಲ್ಲಿ ದೊಡ್ಡಮ್ಮ ಇರುತ್ತಾರೆ. ಅವತ್ತು ಅಕ್ಕ, ಭಾವ, ಅವರ ಮಗನೂ ಇದ್ದರು.

ಶುರುವಿನ ಏಳೆಂಟು ನಿಮಿಷ ಎಲ್ಲವೂ ವಿಪರೀತ ನಿಧಾನ. ಕುದುರೆ ಕುಸಿಯುತ್ತಲೇ ಇದೆ, ಹಿಂದೆ ಜರ್ಮನ್ ಸಂಗೀತಕಾರ ವಾಗ್ನರ್‌ನ ಸಂಗೀತ. ಭಾವ ಎದ್ದುಹೋಗಿ ರೌಟರ್ ಆಫ್ ಮಾಡಿ ಆನ್ ಮಾಡಿದರು. ಕುದುರೆ ಮತ್ತೆ ಅದೇ ವೇಗದಲ್ಲಿ ಕುಸಿಯಿತು. ‘ತಿಂಗಳು ತಿಂಗಳು ದುಡ್ಡು ಮಾತ್ರ ಸರಿಯಾಗಿ ತಗೋತಾರೆ’ ಅಂತ ಬೈದರು. ಅಷ್ಟರಲ್ಲಿ ಗ್ರಹ ಬಂದು ಭೂಮಿಗೆ ಬಡಿದೇಬಿಟ್ಟಿತು. ‘ಕೊನೇನೇ ತೋರಿಸಿಬಿಟ್ಟ. ಇನ್ನೇನು ನೋಡೋದು?’

ಚಿತ್ರದ ತಂಗಿಯ ಮದುವೆ ಆರತಕ್ಷತೆ ಶುರುವಾದದ್ದೇ ದೊಡ್ಡಮ್ಮ ಕನ್ನಡಕ ಹಾಕಿಕೊಂಡರು. ಉದ್ದನೆ ಲಿಮೋಸಿನ್ ತಿರುವಿನಲ್ಲಿ ಸಿಕ್ಕಿಕೊಂಡು, ವಧೂವರರು ತಮ್ಮದೇ ಊಟಕ್ಕೆ ತಡವಾಗಿ ಬರುತ್ತಾರೆ. ಹುಡುಗಿಯ ಅಮ್ಮ ಎಲ್ಲರೆದುರೇ ಮದುವೆಯನ್ನು ಹೀಯಾಳಿಸುತ್ತಾಳೆ. ಖರ್ಚು ಮಾಡಿದ ಅವಳ ಭಾವ ಖರ್ಚಿನ ಲೆಕ್ಕ ಹೇಳುತ್ತಾನೆ. ಕೇಕ್ ಕತ್ತರಿಸುವ ಹೊತ್ತಿಗೆ ವಧು ಸ್ನಾನದ ತೊಟ್ಟಿಯಲ್ಲಿ. ‘ಹುಡುಗಿ ಕಡೆಯವರದ್ದೇ ತಪ್ಪು’ ಅಂತ ದೊಡ್ಡಮ್ಮ ತೀರ್ಪು ಕೊಟ್ಟರು. ಅದೇ ರಾತ್ರಿ ಗಂಡು ತನ್ನ ಅಪ್ಪ ಅಮ್ಮನ ಜೊತೆ ಹೊರಟುಹೋದಾಗ ಮಾತ್ರ ಅವರಿಗೂ ಮಾತು ಬರಲಿಲ್ಲ.

ಎರಡನೇ ಭಾಗದಲ್ಲಿ ಹುಡುಗಿಗೆ ತೊಟ್ಟಿಗೆ ಕಾಲೆತ್ತಿ ಇಡುವುದಕ್ಕೂ ಆಗುವುದಿಲ್ಲ. ಇಷ್ಟದ ಅಡುಗೆ ಬಾಯಿಗಿಟ್ಟರೆ ಬೂದಿಯ ರುಚಿ ಅಂತ ಅಳುತ್ತಾಳೆ. ‘ಸೋಮಾರಿತನ’ ಅಂದರು ಭಾವ. ‘ಸುಮ್ನಿರಿ, ಅದು ಕಾಯಿಲೆ’ ಅಂದರು ದೊಡ್ಡಮ್ಮ. ಇಡೀ ಚಿತ್ರದ ಬಗ್ಗೆ ನಾನು ಓದಿದ ವಿಮರ್ಶೆಗಳಿಗಿಂತ ಆ ಒಂದು ಮಾತು ನನಗೆ ಜಾಸ್ತಿ ಹಿಡಿಸಿತು. ಖಿನ್ನತೆ ಇರುವವರು ಆಪತ್ತಿನಲ್ಲಿ ಬೇರೆಯವರಿಗಿಂತ ಶಾಂತವಾಗಿರುತ್ತಾರೆ ಅಂತ ನಿರ್ದೇಶಕನಿಗೆ ಅವನ ಚಿಕಿತ್ಸಕರು ಹೇಳಿದ್ದರಂತೆ. ಚಿತ್ರ ಹುಟ್ಟಿದ್ದು ಅಲ್ಲಿಂದ. ಗ್ರಹ ಹತ್ತಿರ ಬಂದಂತೆ ತಂಗಿ ಸಮಾಧಾನವಾಗುತ್ತಾಳೆ, ಮನೆ ನಡೆಸುತ್ತಿದ್ದ ಅಕ್ಕ ಕುಸಿಯುತ್ತಾಳೆ. ‘ಏನೂ ಆಗಲ್ಲ, ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ’ ಅನ್ನುತ್ತಿದ್ದ ಅಕ್ಕನ ಗಂಡನೇ ಎಲ್ಲರಿಗಿಂತ ಮೊದಲು ಕೈಚೆಲ್ಲುತ್ತಾನೆ. ನಮ್ಮ ಭಾವ ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ.

ಅಳಿಯನಿಗೆ ಹಿಡಿಸಿದ್ದು ಒಂದೇ. ಚಿತ್ರದ ಹುಡುಗ ಕೋಲಿನ ತುದಿಗೆ ತಂತಿಯ ಬಳೆ ಕಟ್ಟಿ ಗ್ರಹವನ್ನು ಅಳೆಯುತ್ತಾನೆ. ಐದು ನಿಮಿಷ ಬಿಟ್ಟು ನೋಡಿದಾಗ ಗ್ರಹ ಬಳೆಯೊಳಗೆ ಚಿಕ್ಕದಾಗಿ ಕಂಡರೆ ದೂರ ಹೋಗುತ್ತಿದೆ ಅಂತ. ಬಳೆ ಮೀರಿದರೆ ಮುಗಿಯಿತು. ಮಾರನೇ ದಿನ ಇವನು ಬಟ್ಟೆಯ ಹ್ಯಾಂಗರ್ ಬಗ್ಗಿಸಿ ಅಂಥದ್ದೇ ಒಂದು ಮಾಡಿಕೊಂಡು, ತಿಂಡಿಗೆ ಕೂತ ಅಪ್ಪನ ಹೊಟ್ಟೆಗೆ ಗುರಿ ಹಿಡಿದ. ನಾಲ್ಕನೇ ದೋಸೆಯ ನಂತರ ಇನ್ನೊಮ್ಮೆ ನೋಡಿ ಕೂಗಿದ: ‘ಅಜ್ಜೀ, ಹತ್ತಿರ ಬರ್ತಾ ಇದೆ!’