ಕಾಲು ಕೆ.ಜಿ. ಹರಳೆಣ್ಣೆ ಕಟ್ಟಿಕೊಡಿ

ಮಡಿಕೇರಿಯಲ್ಲಿ ಈಗ ಮನೆಗಳಿಗಿಂತ ಹೋಮ್‌ಮೇಡ್ ಚಾಕೊಲೇಟಿನ ಬೋರ್ಡುಗಳೇ ಜಾಸ್ತಿ ಅನ್ನಿಸುತ್ತದೆ. ಕುಶಾಲನಗರದಲ್ಲಿ ಶುರುವಾದರೆ ರಾಜಾಸೀಟಿನವರೆಗೂ ಬಿಡುವಿಲ್ಲ. ಇದೆಲ್ಲ ಯಾವ ಮನೆಯ ಒಲೆಯ ಮೇಲೆ ತಯಾರಾಗುತ್ತಿದೆಯೋ ಕಾಣೆ. ನಮ್ಮನೆ ಒಲೆಯ ಮೇಲೆ ಪಂದಿಕರಿ, ಪಕ್ಕದ ಮನೆಯಲ್ಲೂ ಅದೇ.

ಮೊನ್ನೆ ಅಂಥದೊಂದು ಅಂಗಡಿಗೆ ನೀರಿನ ಬಾಟಲಿಗೆಂದು ಹೋಗಿದ್ದೆ. ಬೆಂಗಳೂರಿನ ಹೆಂಗಸೊಬ್ಬರು ಹುಡುಗನನ್ನು ವಿಚಾರಿಸುತ್ತಿದ್ದರು.

"ಕೆಮಿಕಲ್ ಏನೂ ಹಾಕಿಲ್ಲ ತಾನೆ?"

"ಅಯ್ಯೋ, ಪೂರ್ತಿ ಹೋಮ್‌ಮೇಡ್ ಮೇಡಂ."

ಅವನ ಕಾಲಬುಡದಲ್ಲೇ ಒಡೆದ ರಟ್ಟಿನ ಪೆಟ್ಟಿಗೆ, ಒಳಗೆ ಇಟ್ಟಿಗೆಯಂಥ ಕಾಂಪೌಂಡ್ ಚಾಕೊಲೇಟಿನ ಗಟ್ಟಿಗಳು, ಅಂದರೆ ಕೋಕೋ ಬೆಣ್ಣೆಯ ಬದಲು ಅಗ್ಗದ ಕೊಬ್ಬು ಹಾಕಿದ್ದು. ಕರಗಿಸಿ ಅಚ್ಚಿಗೆ ಹೊಯ್ದು ಒಂದು ಗೋಡಂಬಿ ಒತ್ತಿದರೆ ಹೋಮೂ ಆಯಿತು, ಮೇಡೂ ಆಯಿತು. ಪೆಟ್ಟಿಗೆಯ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರ: ಸಕ್ಕರೆ, ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು, ಕೋಕೋ ಪುಡಿ, ಎಮಲ್ಸಿಫೈಯರ್ 322, 476.

"ಇದೇನು 476?"

"ಬ್ಯಾಚ್ ನಂಬರ್, ಮೇಡಂ."

476 ಬ್ಯಾಚ್ ನಂಬರಲ್ಲ, ಹರಳೆಣ್ಣೆಯ ಸಂತಾನ. ಅದರ ಕೊಬ್ಬಿನಾಮ್ಲವನ್ನು ಗ್ಲಿಸರಾಲ್ ಸರಪಳಿಗೆ ಪೋಣಿಸಿ ಮಾಡುತ್ತಾರೆ. ಇದನ್ನು ಬೆರೆಸಿದರೆ ಕರಗಿದ ಚಾಕೊಲೇಟು ತೆಳ್ಳಗಾಗಿ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಕೊಬ್ಬು ಕಡಿಮೆ ಸಾಕಾಗುತ್ತದೆ. ನಮ್ಮಜ್ಜಿ ಬೇಸಿಗೆ ರಜೆಗೊಮ್ಮೆ ಹರಳೆಣ್ಣೆ ಲೋಟ ಹಿಡಿದು ಬಂದರೆ ನಾವು ಕಾಫಿ ಗಿಡಗಳ ಸಂದಿಯಲ್ಲಿ ಮಾಯವಾಗುತ್ತಿದ್ದೆವು. ಹಿಡಿದು ತಂದು ಮೂಗು ಒತ್ತಿ ಗಂಟಲಿಗೆ ಸುರಿಯುತ್ತಿದ್ದರು. ಈಗ ಅದರ ಮೊಮ್ಮಗುವನ್ನು ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಕಾಲು ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರೆ. ಅಜ್ಜಿ ನಂಬಿದ್ದ ಗುಣ ಮಾತ್ರ ಅದರಲ್ಲಿ ಉಳಿದಿಲ್ಲ. ಅಬ್ಬಿ ಜಲಪಾತದ ದಾರಿಯಲ್ಲಿ ಶೌಚಾಲಯ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಸುಮ್ಮನಿರಲಾರದೆ ನಾನು ಬಾಯಿ ಹಾಕಿದೆ: "ಹೆದರಬೇಡಿ ಮೇಡಂ, 322 ಅಂದರೆ ಲೆಸಿಥಿನ್. ಎಣ್ಣೆಯನ್ನೂ ನೀರನ್ನೂ ಜಗಳವಾಡದಂತೆ ಕೂರಿಸುತ್ತೆ. ಸಾಮಾನ್ಯವಾಗಿ ಸೋಯಾದ್ದು. ಮೊಟ್ಟೆಯ ಹಳದಿಯಲ್ಲೂ ಇರುತ್ತೆ."

"ಮೊಟ್ಟೆ? ಹಾಗಾದ್ರೆ ಇದು ನಾನ್‌ವೆಜ್ಜಾ?"

ಹುಡುಗ ನನ್ನನ್ನು ನುಂಗುವಂತೆ ನೋಡಿದ. ಪ್ರಶ್ನೆಯೇನೂ ಪೆದ್ದಲ್ಲ. ಸಂಖ್ಯೆ ಬರೆದರೆ ಸಾಲದು, ಮೂಲ ಗಿಡದ್ದೋ ಪ್ರಾಣಿಯದ್ದೋ ಹೇಳಿ ಎಂದು 2021ರಲ್ಲಿ ದೆಹಲಿ ಹೈಕೋರ್ಟೇ ಹೇಳಿತ್ತು. 471ರಂಥ ಎಮಲ್ಸಿಫೈಯರುಗಳು ಎರಡೂ ಕಡೆಯಿಂದ ಬರಬಹುದು. ಐಸ್‌ಕ್ರೀಮಿಗೆ ಹಾಕುವ ಪಾಲಿಸೋರ್ಬೇಟ್ 80 ಎಂಬ ಇನ್ನೊಂದು ಎಮಲ್ಸಿಫೈಯರ್ ಕೋವಿಶೀಲ್ಡ್ ಲಸಿಕೆಯಲ್ಲೂ ಇತ್ತು, ಯಾರಿಗೂ ಏನೂ ಅನ್ನಿಸಲಿಲ್ಲ ಎನ್ನಲು ಹೊರಟವನು, ಅವರ ಮಗನ ಕೈಯಲ್ಲಿ ಕೋನ್ ಐಸ್‌ಕ್ರೀಮ್ ಕಂಡು ಸುಮ್ಮನಾದೆ.

"ಚಾಕೊಲೇಟು ಬೇಡಪ್ಪ," ಎಂದರು ಆಕೆ. "ಆ ಶುಂಠಿ ವೈನ್ ಕೊಡು. ಹೋಮ್‌ಮೇಡ್ ತಾನೆ?"

"ಪೂರ್ತಿ, ಮೇಡಂ!"

ನನ್ನ ಬಾಕಿ ಚಿಲ್ಲರೆಯಲ್ಲಿ ಐದು ರೂಪಾಯಿ ಕಡಿಮೆಯಿತ್ತು. ಹುಡುಗ ಬದಲಿಗೆ ಒಂದು ಚಾಕೊಲೇಟು ಇಟ್ಟ. ಮೂಗು ಹಿಡಿದುಕೊಂಡು ಬಾಯಿಗೆ ಹಾಕಿಕೊಂಡೆ.