ಪೆನ್ಸಿಲ್ ಹಿಡಿದ ಪತ್ತೇದಾರ

ಸಸ್ಪೆನ್ಸ್ ಥ್ರಿಲ್ಲರ್ ಒಂದನ್ನು ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಬೇಕೆಂದು ಮೊನ್ನೆಯ ರಾತ್ರಿಯನ್ನು ಮೀಸಲಿಟ್ಟುಕೊಂಡಿದ್ದೆ. ಮನೆಯವರೆಲ್ಲ ಮಲಗಿದ ಮೇಲೆ ಗ್ರಂಥಾಲಯದಿಂದ ತಂದ ದಪ್ಪನೆಯ ಕಾದಂಬರಿಯನ್ನು ತೆರೆದೆ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಯಜಮಾನರ ಹೆಣ ಪತ್ತೆಯಾಗುವ ತನಕ ಎಲ್ಲವೂ ಸುಖವಾಗಿಯೇ ಸಾಗಿತ್ತು. 11ನೆಯ ಪುಟದಲ್ಲಿ ಅಡುಗೆಯವಳು ಕೈಯಲ್ಲಿದ್ದ ಲೋಟವನ್ನು ಕೆಡವಿ ಚೀರಿದಳು. ಅವಳ ಚೀರಾಟದ ಪಕ್ಕದಲ್ಲಿಯೇ, ಪುಟದ ಅಂಚಿನಲ್ಲಿ, ಯಾರೋ ಪೆನ್ಸಿಲಿನಿಂದ ಬರೆದಿದ್ದರು: ‘ಇವಳ ಮೇಲೆ ಒಂದು ಕಣ್ಣಿಡಿ.’

ಕಣ್ಣಿಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲಿಕ್ಕೆಂದೇ ಅಲ್ಲವೇ ನಾನು ಪುಸ್ತಕವನ್ನು ತಂದದ್ದು? ಆದರೂ ಒಂದು ಗೀಚಿಗೆ ಅಷ್ಟು ಸಿಟ್ಟಾಗಬಾರದೆಂದುಕೊಂಡು ಮುಂದುವರಿದೆ. 23ನೆಯ ಪುಟದಲ್ಲಿ ಡಾಕ್ಟರು ಬಂದರು. ‘ಇವನೇ. ಸಂಶಯವೇ ಇಲ್ಲ’ ಎಂದಿತು ಪೆನ್ಸಿಲು, ಕೆಳಗೆ ಎರಡು ಗೆರೆ ಎಳೆದು. 38ರಲ್ಲಿ ಸತ್ತವರ ತಮ್ಮನ ಮಗ ಬಂದ ಕೂಡಲೇ ಡಾಕ್ಟರರ ಮೇಲಿನ ಆರೋಪವನ್ನು ಸದ್ದಿಲ್ಲದೆ ಕೈಬಿಟ್ಟು, ‘ಆಸ್ತಿಗಾಗಿ!’ ಎಂದು ಅವನ ಕೊರಳಿಗೆ ಗಂಟು ಹಾಕಿತು. 64ರಲ್ಲಿ ಉಯಿಲು ಓದಲು ಬಂದ ವಕೀಲರೊಬ್ಬರಿಗೆ ಮಾತ್ರ ‘ಪಾಪ, ಒಳ್ಳೆಯ ಮನುಷ್ಯ’ ಎಂಬ ಪ್ರಮಾಣಪತ್ರ ಸಿಕ್ಕಿತು. ಮಾಲಿ, ವಿಧವೆ, ಅಂಚೆಯವನು, ಇನ್ಸ್‌ಪೆಕ್ಟರು, ಇವರಲ್ಲಿ ಯಾರಿಗೂ ಆ ಭಾಗ್ಯವಿರಲಿಲ್ಲ. ನೂರು ಪುಟ ದಾಟುವಷ್ಟರಲ್ಲಿ ವಕೀಲರನ್ನು ಬಿಟ್ಟರೆ ಶಂಕಿತರ ಪಟ್ಟಿಯಿಂದ ಹೊರಗುಳಿದವನು ಹೆಣವಾಗಿದ್ದ ಯಜಮಾನನೊಬ್ಬನೇ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ 117ನೆಯ ಪುಟ ಬಂತು: ‘ಸತ್ತವನು ನಿಜವಾಗಿ ಸತ್ತಿದ್ದಾನೆಯೇ?’

ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ, ತಾನೂ ಪತ್ತೇದಾರಿ ಕಾದಂಬರಿಗಳನ್ನು ಬರೆದವನು, 1929ರಲ್ಲಿ ಈ ಬಗೆಯ ಕಥೆಗಳಿಗೆ ಹತ್ತು ನಿಯಮಗಳನ್ನು ಮಾಡಿದ್ದ. ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದ ಭಾಗದಲ್ಲಿಯೇ ಬಂದಿರಬೇಕು, ಗುಪ್ತ ಕೋಣೆಯೋ ದಾರಿಯೋ ಒಂದಕ್ಕಿಂತ ಹೆಚ್ಚಿರಬಾರದು, ಪತ್ತೇದಾರನು ತನಗೆ ಸಿಕ್ಕ ಸುಳಿವನ್ನು ಓದುಗನಿಂದ ಬಚ್ಚಿಡಬಾರದು, ಹೀಗೆ. ಲೇಖಕರನ್ನು ಇಷ್ಟೆಲ್ಲ ಕಟ್ಟಿಹಾಕಿದ ಮಹಾನುಭಾವನು, ಓದುಗರ ಕೈಗೆ ಪೆನ್ಸಿಲ್ ಸಿಗಬಾರದೆಂಬ ಹನ್ನೊಂದನೆಯ ನಿಯಮವನ್ನು ಏಕೆ ಬರೆಯಲಿಲ್ಲವೋ! ಲಂಡನ್ನಿನಲ್ಲಿ 1952ರಲ್ಲಿ ರಂಗಕ್ಕೇರಿದ ಅಗಾಥಾ ಕ್ರಿಸ್ಟಿಯವರ ‘ಮೌಸ್‌ಟ್ರ್ಯಾಪ್’ ನಾಟಕದಲ್ಲಿ, ಕೊನೆಗೆ ಕೊಲೆಗಾರನ ಗುಟ್ಟನ್ನು ಹೊರಗೆ ಬಿಟ್ಟುಕೊಡಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ಪದ್ಧತಿಯಿದೆ. ಕೇಳಿಕೊಂಡರೆ ಕೇಳುವ ಜನರೂ ಜಗತ್ತಿನಲ್ಲಿದ್ದಾರೆಂದು ತೋರುತ್ತದೆ.

ವಿಚಿತ್ರವೆಂದರೆ, 150ನೆಯ ಪುಟದಿಂದಾಚೆಗೆ ಪೆನ್ಸಿಲು ಮೌನವಾಯಿತು. ಹತ್ತು ಪುಟ ತಿರುವಿದೆ, ಇಪ್ಪತ್ತು ತಿರುವಿದೆ, ಅಂಚುಗಳೆಲ್ಲ ಖಾಲಿ. ಕಥೆಯೊಳಗೆ ಎರಡನೆಯ ಕೊಲೆಯಾಗಿ ರಕ್ತ ಮೆಟ್ಟಿಲಿನಿಂದ ಇಳಿಯುತ್ತಿದ್ದರೂ ನನ್ನ ಕುತೂಹಲವೆಲ್ಲ ಅಂಚಿನ ಕಡೆಗೇ. ಬೇಸತ್ತು ಬಿಟ್ಟುಬಿಟ್ಟನೇ? ಅಥವಾ ಅವನಿಗೇ ಏನಾದರೂ ಆಯಿತೇ? 198ನೆಯ ಪುಟದಲ್ಲಿ, ಕಾಣೆಯಾದ ಮಗಳು ಬರುವಳೆಂದು ಯಜಮಾನರ ವೃದ್ಧ ತಾಯಿ ರಾತ್ರಿಯೆಲ್ಲ ಬಾಗಿಲ ಬಳಿ ದೀಪ ಇರಿಸಿಕೊಂಡು ಕೂರುವ ಸನ್ನಿವೇಶವಿದೆ. ಅದರ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ: ‘ಇಲ್ಲಿಗೆ ನಿಲ್ಲಿಸಿ ಮಲಗಿದೆ. ನಿದ್ದೆ ಬರಲಿಲ್ಲ.’

ಯಾರ ಮೇಲೂ ಆರೋಪವಿಲ್ಲದ ಆ ಒಂದು ಸಾಲನ್ನು ನಾನು ಕಾದಂಬರಿಯ ಯಾವ ಸಾಲಿಗಿಂತಲೂ ಹೆಚ್ಚು ಹೊತ್ತು ನೋಡುತ್ತ ಕುಳಿತಿದ್ದೆ. ಆಗ ರಾತ್ರಿ ಎರಡು ಗಂಟೆ. ನಾನೂ ಅಲ್ಲಿಗೇ ನಿಲ್ಲಿಸಿ ಮಲಗಿದೆ, ನನಗೂ ನಿದ್ದೆ ಬರಲಿಲ್ಲ.

ಮರುದಿನ ಕಾದಂಬರಿ ಮುಗಿಯಿತು. ಕೊಲೆಗಾರ ಬೇರೆ ಯಾರೂ ಅಲ್ಲ, ಆ ವಕೀಲ! ನಾನು ನಿಜಕ್ಕೂ ಬೆಚ್ಚಿಬಿದ್ದೆ. ‘ಒಳ್ಳೆಯ ಮನುಷ್ಯ’ ಎಂಬ ಪ್ರಮಾಣಪತ್ರವನ್ನು ನಂಬಿ ಆತನ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಲೇಖಕ ಸುಳಿವುಗಳನ್ನು ಅಷ್ಟೊಂದು ಜಾಣತನದಿಂದ ಮುಚ್ಚಿಟ್ಟಿರಲಿಲ್ಲವೆಂಬುದು ಹಿಂತಿರುಗಿ ನೋಡಿದಾಗ ತಿಳಿಯಿತು. ಆತನ ಅರ್ಧ ಕೆಲಸವನ್ನು ಈ ಪೆನ್ಸಿಲೇ ಮಾಡಿತ್ತು. ಇದಕ್ಕಾಗಿ ಕೃತಜ್ಞನಾಗಬೇಕೆಂದು ಹೊರಟವನು ಕೊನೆಯ ಪುಟದ ಕೆಳಗೆ ಕಂಡದ್ದು ಇದು: ‘ನಾನು ಮೊದಲೇ ಹೇಳಿದ್ದೆ.’

ಊರಿಗೆಲ್ಲ ಕೊಲೆಯ ಆರೋಪ ಹೊರಿಸಿ, ಕೊಲೆಗಾರನೊಬ್ಬನನ್ನೇ ಹರಸಿ ಬಿಟ್ಟವನು ಮೊದಲೇ ಹೇಳಿದ್ದನಂತೆ! ನನಗೆ ತಡೆಯಲಾಗಲಿಲ್ಲ. ಮೇಜಿನ ಖಾನೆಯಿಂದ ಪೆನ್ಸಿಲ್ ತೆಗೆದು ಅದರ ಕೆಳಗೆ ಬರೆದೆ: ‘ಸುಳ್ಳು. 64ನೆಯ ಪುಟ ನೋಡಿ.’

ಇವತ್ತು ಬೆಳಿಗ್ಗೆ ಪುಸ್ತಕ ಹಿಂದಿರುಗಿಸಲು ಹೋದಾಗ, ಎಂದೂ ಪುಟ ತಿರುವಿ ನೋಡದ ಗ್ರಂಥಪಾಲಕರು ಇಂದು ಕೊನೆಯ ಪುಟದಿಂದಲೇ ಆರಂಭಿಸಿದರು. ನಾನು ಆಗಷ್ಟೇ ರಿಜಿಸ್ಟರಿನಲ್ಲಿ ಪುಸ್ತಕದ ಸಂಖ್ಯೆ ಬರೆದಿದ್ದೆ, ಅದರಲ್ಲಿ ಎರಡು ನಾಲ್ಕುಗಳಿದ್ದವು. ನಾಲ್ಕರ ತಲೆಯನ್ನು ಕೂಡಿಸದೆ ಬಾಯಿ ತೆರೆದೇ ಬಿಡುವುದು ನನ್ನ ಶಾಲೆಯ ದಿನಗಳ ಚಾಳಿ. ಅವರು ಪುಟವನ್ನು ನೋಡಿದರು, ರಿಜಿಸ್ಟರನ್ನು ನೋಡಿದರು, ನನ್ನ ಜೇಬಿನಲ್ಲಿದ್ದ ಪೆನ್ಸಿಲನ್ನೂ ನೋಡಿದರು.

“ಇದಿಷ್ಟೂ ನಿಮ್ಮದೇ ಅಲ್ಲವೇ?” ಎಂದರು.

“ಅಲ್ಲ, ಕೊನೆಯ ಸಾಲು ಮಾತ್ರ ನನ್ನದು” ಎಂದೆ. ಸಿಕ್ಕಿಬಿದ್ದ ಪ್ರತಿಯೊಬ್ಬನೂ ಹೀಗೆಯೇ ಹೇಳುತ್ತಾನೆಂಬುದು ಹೇಳಿದ ಮೇಲೆ ಹೊಳೆಯಿತು.

ಅವರು ದಂಡದ ಪುಸ್ತಕವನ್ನು ಎಳೆದುಕೊಳ್ಳುತ್ತ, ಸ್ವಲ್ಪ ದನಿ ತಗ್ಗಿಸಿ ಕೇಳಿದರು: “ನಾನಿನ್ನೂ ಇದನ್ನು ಓದಿಲ್ಲ. 64ರಲ್ಲಿ ಅಂಥದ್ದೇನಿದೆ?”