ಸಾವಿನ ಸಂಖ್ಯೆ ಇಳಿದರೆ ಸಾಕೇ? ಬಾಂಗ್ಲಾದೇಶದ ಕರಾವಳಿ ಕೇಳುವ ಪ್ರಶ್ನೆ

ಹವಾಮಾನ ಬದಲಾವಣೆಯನ್ನು ಬಡ ದೇಶಗಳು ಹೇಗೆ ಎದುರಿಸಬೇಕು ಎಂಬ ಚರ್ಚೆ ಎಲ್ಲಿ ನಡೆದರೂ ಬಾಂಗ್ಲಾದೇಶದ ಹೆಸರು ಬಂದೇ ಬರುತ್ತದೆ, ಅದೂ ಬಹುಮಟ್ಟಿಗೆ ಚಂಡಮಾರುತದ ಸಾವುಗಳನ್ನು ಇಳಿಸಿದ್ದಕ್ಕಾಗಿ ಹೊಗಳಿಕೆಯ ರೂಪದಲ್ಲಿ. ಆ ಹೊಗಳಿಕೆ ಸುಳ್ಳಲ್ಲ. ಆದರೆ ಅದನ್ನು ಕೇಳಿದಾಗಲೆಲ್ಲ ನನಗೆ ಒಂದು ಕಸಿವಿಸಿ ಉಳಿಯುತ್ತದೆ. ಚಂಡಮಾರುತದಿಂದ ಬದುಕಿ ಉಳಿದವನು ಮರುದಿನ ಏನನ್ನು ಉಂಡು, ಯಾವ ನೀರನ್ನು ಕುಡಿದು, ಯಾವ ನೆಲದ ಮೇಲೆ ಬಾಳುತ್ತಾನೆ ಎಂಬ ಪ್ರಶ್ನೆಯನ್ನು ಈ ಹೊಗಳಿಕೆ ಮರೆಸಿಬಿಡುತ್ತದೆ.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಅಪ್ಪಳಿಸಿದಾಗ ಸತ್ತವರು ಕಡಿಮೆಯೆಂದರೂ ಮೂರು ಲಕ್ಷ. ಐದು ಲಕ್ಷದವರೆಗಿನ ಅಂದಾಜುಗಳೂ ಇವೆ. ಬಿರುಗಾಳಿ ಬರುತ್ತಿರುವುದು ಯಾರಿಗೂ ತಿಳಿದಿರಲಿಲ್ಲವೆಂದಲ್ಲ. ತಿಳಿದದ್ದು ನದೀಮುಖದ ದ್ವೀಪಗಳಲ್ಲಿ ಮಲಗಿದ್ದ ಜನರಿಗೆ ನಂಬುವಂಥ ರೀತಿಯಲ್ಲಿ ತಲುಪಲಿಲ್ಲ, ತಲುಪಿದ್ದರೂ ಓಡಿಹೋಗಿ ನಿಲ್ಲಲು ಎತ್ತರದ ಜಾಗವಿರಲಿಲ್ಲ. ದೇಶ ಸ್ವತಂತ್ರವಾದ ಬೆನ್ನಲ್ಲೇ, 1972ರಲ್ಲಿ, ಆರಂಭವಾದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಈ ಎರಡು ಕೊರತೆಗಳನ್ನೇ ಗುರಿಯಾಗಿಸಿಕೊಂಡಿತು. ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸೇರಿ ಇಂದಿಗೂ ನಡೆಸುತ್ತಿರುವ ಆ ಕಾರ್ಯಕ್ರಮದಲ್ಲಿ ಈಗ ಸುಮಾರು 76 ಸಾವಿರ ಸ್ವಯಂಸೇವಕರಿದ್ದಾರೆ. ಅವರ ಕೈಯಲ್ಲಿರುವುದು ದುಬಾರಿ ಯಂತ್ರಗಳಲ್ಲ. ಅಪಾಯ ಏರಿದಂತೆ ಒಂದು, ಎರಡು, ಮೂರು ಎಂದು ಏರುವ ಬಾವುಟಗಳು, ಕೈಯಿಂದ ತಿರುಗಿಸುವ ಸೈರನ್, ಮೆಗಾಫೋನ್. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಮನೆಯಲ್ಲಿ ನಡೆಯಲಾರದ ಅಜ್ಜಿಯಿದ್ದಾಳೆ ಎಂಬ ತಿಳಿವಳಿಕೆ.

1991ರ ಏಪ್ರಿಲ್ 29ರಂದು ಚಿತ್ತಗಾಂಗ್ ಕರಾವಳಿಯಲ್ಲಿ ಮತ್ತೆ ಸುಮಾರು 1.38 ಲಕ್ಷ ಜನ ಸತ್ತರು. ಅವರಲ್ಲಿ ಹೆಂಗಸರ ಪಾಲು ಗಂಡಸರದಕ್ಕಿಂತ ಬಹಳ ಹೆಚ್ಚಿತ್ತು. ಗಂಡ ಬಂದು ಹೇಳುವ ತನಕ ಮನೆ ಬಿಡಬಾರದೆಂಬ ರೂಢಿ, ಮರೆಯಿಲ್ಲದ, ಶೌಚಾಲಯವಿಲ್ಲದ ಆಶ್ರಯತಾಣಗಳಲ್ಲಿ ಪರಪುರುಷರ ನಡುವೆ ರಾತ್ರಿ ಕಳೆಯಬೇಕಾದ ಮುಜುಗರ, ಮಕ್ಕಳನ್ನು ಎತ್ತಿಕೊಂಡು ಓಡಬೇಕಾದ ಹೊರೆ, ಎಲ್ಲವೂ ಸೇರಿ ಅವರನ್ನು ಕೊಂದವು. ಈ ಪಾಠವನ್ನು ಆ ದೇಶ ಕಲಿಯಿತು ಎನ್ನುವುದು ಸಣ್ಣ ಮಾತಲ್ಲ: ಹೆಂಗಸರಿಗೆ ಪ್ರತ್ಯೇಕ ಕೋಣೆಗಳಿರುವ, ದನಕರುಗಳಿಗೂ ಜಾಗವಿರುವ, ಉಳಿದ ದಿನಗಳಲ್ಲಿ ಶಾಲೆಯಾಗಿ ಬಳಕೆಯಾಗುವ ಆಶ್ರಯ ಕಟ್ಟಡಗಳು ಬಂದವು, ಮತ್ತು ಇಂದು ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು. 2007ರ ಸಿಡ್ರ್ ಚಂಡಮಾರುತದಲ್ಲಿ ಸುಮಾರು 3,400 ಜನ ಸತ್ತರು. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲೇ ಬಂದ ಆಂಫಾನ್ ವೇಳೆಗೆ 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಹತ್ತಾರರಲ್ಲಿ ನಿಂತಿತು. ನಮ್ಮ ಒಡಿಶಾ 1999ರ ಮಹಾಚಂಡಮಾರುತದ ನಂತರ ಇಂಥದ್ದೇ ದಾರಿ ಹಿಡಿದು ಇಂಥದ್ದೇ ಫಲ ಕಂಡಿತು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. 2009ರ ಮೇ 25ರಂದು ಬಂದ ಆಯ್ಲಾ ಚಂಡಮಾರುತದಲ್ಲಿ ಬಾಂಗ್ಲಾದೇಶದಲ್ಲಿ ಸತ್ತವರು ಇನ್ನೂರಕ್ಕಿಂತ ಕಡಿಮೆ. ಸಾವಿನ ಲೆಕ್ಕದಲ್ಲಿ ನೋಡಿದರೆ ಅದೊಂದು ಗೆಲುವು. ಆದರೆ ಖುಲ್ನಾ ಮತ್ತು ಸಾತ್‌ಖೀರಾ ಜಿಲ್ಲೆಗಳಲ್ಲಿ ಒಡ್ಡುಗಳು ಒಡೆದು ಒಳನುಗ್ಗಿದ ಉಪ್ಪುನೀರು ಕೆಲವು ಕಡೆ ಎರಡು ವರ್ಷವಾದರೂ ಹೊರಹೋಗಲಿಲ್ಲ. ದಿನಕ್ಕೆ ಎರಡು ಬಾರಿ ಉಬ್ಬರದ ನೀರು ಮನೆಯಂಗಳಕ್ಕೆ ಬಂದು ಹೋಗುತ್ತಿದ್ದರೆ, ಸಾವಿರಾರು ಕುಟುಂಬಗಳು ಅಳಿದುಳಿದ ಒಡ್ಡಿನ ನೆತ್ತಿಯ ಮೇಲೆ ಗುಡಿಸಲು ಹಾಕಿಕೊಂಡು ಬದುಕಿದವು. ಕೆರೆಗಳೆಲ್ಲ ಉಪ್ಪಾದವು, ಗದ್ದೆಗಳು ಸವಳಾದವು, ದುಡಿಯಬಲ್ಲವರು ಖುಲ್ನಾಕ್ಕೋ ಢಾಕಾಕ್ಕೋ ಹೋದರು. ಖುಲ್ನಾ ಜಿಲ್ಲೆಯ ದಾಕೋಪ್‌ನಲ್ಲಿ ನಡೆದ ಅಧ್ಯಯನವೊಂದು, ಕುಡಿಯುವ ನೀರಿನ ಉಪ್ಪಿಗೂ ಗರ್ಭಿಣಿಯರ ರಕ್ತದೊತ್ತಡಕ್ಕೂ ಇರುವ ನಂಟನ್ನು ಗುರುತಿಸಿದೆ. ಇಂಥ ನಷ್ಟ ಯಾವ ಚಂಡಮಾರುತದ ಲೆಕ್ಕಕ್ಕೂ ಸೇರುವುದಿಲ್ಲ.

ಆ ಒಡ್ಡುಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಂದಾಣಿಕೆಯ, ಅಂದರೆ ಪ್ರಕೃತಿಯ ಅಪಾಯಗಳಿಗೆ ತಕ್ಕಂತೆ ಬದುಕನ್ನು ಹೊಂದಿಸಿಕೊಳ್ಳುವ, ಹೆಸರಿನಲ್ಲಿ ಮಾಡಿದ ಕೆಲಸವೇ ಹೇಗೆ ತಿರುಗಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ. ಹಿಂದೆ ಅಲ್ಲಿನ ಜನ ಬೇಸಾಯದ ತಿಂಗಳುಗಳಿಗಷ್ಟೇ ತಾತ್ಕಾಲಿಕ ಮಣ್ಣಿನ ಕಟ್ಟೆ ಹಾಕಿ, ಉಳಿದ ಕಾಲದಲ್ಲಿ ಉಬ್ಬರದ ನೀರು ಗದ್ದೆಯ ಮೇಲೆ ಹರಡಿ ಮೆಕ್ಕಲು ಬಿಟ್ಟುಹೋಗಲು ದಾರಿ ಕೊಡುತ್ತಿದ್ದರು. 1960ರ ದಶಕದಲ್ಲಿ ವಿದೇಶಿ ನೆರವಿನಿಂದ ಶುರುವಾದ ಕರಾವಳಿ ಒಡ್ಡು ಯೋಜನೆ ಭೂಮಿಯನ್ನು ಶಾಶ್ವತ ಒಡ್ಡುಗಳಿಂದ ಸುತ್ತುವರಿದು ಪೋಲ್ಡರ್‌ಗಳನ್ನಾಗಿ ಮಾಡಿತು. ಇಂದು ಅವು 139 ಇವೆ. ಮೊದಲ ವರ್ಷಗಳಲ್ಲಿ ಭತ್ತ ಚೆನ್ನಾಗಿಯೇ ಬಂತು. ಆದರೆ ಒಳಗೆ ಬೀಳಬೇಕಿದ್ದ ಮೆಕ್ಕಲು ಹೊರಗೆ ನದಿಯ ತಳದಲ್ಲೇ ಹೂಳಾಗಿ ಕೂರತೊಡಗಿತು. ನದಿ ಮೇಲೇರಿತು, ನೆಲ ಕುಸಿಯಿತು. ಸುಂದರಬನಕ್ಕೆ ಹತ್ತಿರದ 32ನೇ ಪೋಲ್ಡರ್‌ನ ಒಳನೆಲ, ಹೊರಗಿನ ಕಾಡಿನ ನೆಲಕ್ಕಿಂತ ಒಂದರಿಂದ ಒಂದೂವರೆ ಮೀಟರ್ ತಗ್ಗಿಗೆ ಇಳಿದಿದೆ ಎಂದು ಸಂಶೋಧಕರು ಅಳೆದಿದ್ದಾರೆ. ಒಡ್ಡು ಭದ್ರವಾಗಿದ್ದಾಗ ಮಳೆನೀರು ಹೊರಹೋಗದೆ ಊರು ಬೋಗುಣಿಯಂತೆ ತುಂಬುತ್ತದೆ, ಒಡ್ಡು ಒಡೆದಾಗ ಸಮುದ್ರವೇ ಒಳಗೆ ಬರುತ್ತದೆ. ಈ ಒಂದೂವರೆ ಮೀಟರಿನ ಬಹುಪಾಲಿಗೆ ಕಾರಣ ಏರುತ್ತಿರುವ ಸಮುದ್ರವಲ್ಲ, ನಾವೇ ಕಟ್ಟಿದ ಗೋಡೆ. ಹವಾಮಾನ ಬದಲಾವಣೆ ಆ ತಪ್ಪಿನ ಬೆಲೆಯನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತಿದೆ.

ಇದರ ಜೊತೆಗೆ ಸೀಗಡಿ. 1980ರ ದಶಕದಿಂದ ರಫ್ತಿನ ಆಸೆಗೆ, ಅಂತಾರಾಷ್ಟ್ರೀಯ ಸಂಸ್ಥೆಗಳ ಉತ್ತೇಜನದೊಂದಿಗೇ, ಅದೇ ಒಡ್ಡುಗಳನ್ನು ಕೊರೆದು ಪೈಪು ಹಾಕಿ ಉಪ್ಪುನೀರನ್ನು ಗದ್ದೆಗೆ ಬಿಟ್ಟುಕೊಳ್ಳಲಾಯಿತು. ಅದನ್ನು ವಿರೋಧಿಸಿ 1990ರ ನವೆಂಬರ್ 7ರಂದು ಮೆರವಣಿಗೆ ಹೊರಟ ಭೂಹೀನರ ಮುಂಚೂಣಿಯಲ್ಲಿದ್ದ ಕರುಣಾಮಯಿ ಸರ್ದಾರ್ ಎಂಬ ಹೆಣ್ಣುಮಗಳು 22ನೇ ಪೋಲ್ಡರ್‌ನ ಹೊರಿಣ್‌ಖೋಲಾದಲ್ಲಿ ಕೊಲೆಯಾದಳು. ಅಲ್ಲಿನ ಜನ ಇಂದಿಗೂ ಆ ದಿನ ಸೇರುತ್ತಾರೆ. ಆ ಪೋಲ್ಡರ್ ಸೀಗಡಿ ಕೆರೆಗಳನ್ನು ಒಳಗೆ ಬಿಟ್ಟುಕೊಳ್ಳದೆ ಉಳಿದದ್ದಕ್ಕೆ ಹೆಸರಾಗಿದೆ. ಹವಾಮಾನ ತಾಳಿಕೆಯ ಇತಿಹಾಸ ಬರೆಯುವವರು ಅವಳಿಂದ ಶುರುಮಾಡಬೇಕು ಎಂದು ನನಗನಿಸುತ್ತದೆ.

ಉತ್ತರ ಕನ್ನಡದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಕುಮಟಾ ಬಳಿ ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಏರುವ ಗಜನಿ ಭೂಮಿಯಲ್ಲಿ ಮಳೆನೀರಿನಿಂದ ಉಪ್ಪು ತೊಳೆದುಹೋದ ಮೇಲೆ, ಉಪ್ಪು ತಾಳುವ ಕಗ್ಗ ಭತ್ತ ಬಿತ್ತುವ, ಕಟಾವಿನ ನಂತರ ನೀರು ಬಿಟ್ಟು ಮೀನು ಸೀಗಡಿ ಹಿಡಿಯುವ ಪದ್ಧತಿ ಬಾಂಗ್ಲಾದೇಶದ ಹಿಂದಿನ ತಾತ್ಕಾಲಿಕ ಕಟ್ಟೆಗಳ ಪದ್ಧತಿಗೆ ಹತ್ತಿರದ್ದೇ. ಅಲ್ಲಿಯೂ ವಾಣಿಜ್ಯ ಸೀಗಡಿ ಕೃಷಿ ಬಂದು ಕಗ್ಗದ ಗದ್ದೆಗಳನ್ನು ನುಂಗಿತು. ಉಪ್ಪನ್ನು ತಾಳಿಕೊಳ್ಳುವ ತಳಿಗಾಗಿ ಜಗತ್ತಿನ ಪ್ರಯೋಗಾಲಯಗಳು ತಿಣುಕುತ್ತಿರುವ ಹೊತ್ತಿನಲ್ಲಿ ನಾವು ಕಗ್ಗವನ್ನು ಬೆರಳೆಣಿಕೆಯ ರೈತರ ಪಾಲಿಗೆ ಬಿಟ್ಟಿದ್ದೇವೆ.

ಬಾಂಗ್ಲಾದೇಶದಲ್ಲಿ ಪರಿಹಾರವನ್ನೂ ಜನರೇ ತೋರಿಸಿಕೊಟ್ಟರು. ನೀರು ನಿಂತು ಬೇಸತ್ತ ರೈತರು 1990ರಲ್ಲಿ ಬೀಲ್ ದಾಕಾತಿಯಾದಲ್ಲಿ, 1997ರಲ್ಲಿ ಬೀಲ್ ಭಾಯ್ನಾದಲ್ಲಿ ತಾವೇ ಒಡ್ಡು ಕಡಿದರು. ಬೀಲ್ ಎಂದರೆ ತಗ್ಗಿನ ಜೌಗು ಬಯಲು. ಸರ್ಕಾರದ ಕಣ್ಣಿಗೆ ಒಡ್ಡು ಕಡಿದದ್ದು ಅಪರಾಧವಾಗಿತ್ತು. ಆದರೆ ಭಾಯ್ನಾದಲ್ಲಿ ಕೆಲವೇ ವರ್ಷಗಳಲ್ಲಿ ಉಬ್ಬರದ ನೀರು ಮೆಕ್ಕಲು ತಂದು ಸುರಿದು ನೆಲವನ್ನು ಎತ್ತರಿಸಿತು, ಇಳಿತದ ರಭಸ ನದಿಯ ಹೂಳನ್ನು ಕೊಚ್ಚಿ ಆಳ ಮಾಡಿತು. ಅಧಿಕಾರಿಗಳು ನಂತರ ಅದನ್ನೇ ಉಬ್ಬರ ನದಿ ನಿರ್ವಹಣೆ ಎಂಬ ಹೆಸರಿನಲ್ಲಿ ತಮ್ಮ ಯೋಜನೆಯಾಗಿ ಸ್ವೀಕರಿಸಿದರು. ಆದರೆ ಒಂದು ಬೀಲನ್ನು ಹಲವು ವರ್ಷ ನೀರಿಗೆ ಬಿಟ್ಟುಕೊಡುವ ರೈತನಿಗೆ ಅಷ್ಟು ಕಾಲ ಬೆಳೆಯಿಲ್ಲ. ಅವನಿಗೆ ಕೊಡಬೇಕಾದ ಪರಿಹಾರ ಕಾಗದಪತ್ರ, ಪಟ್ಟೆ, ಲಂಚಗಳ ನಡುವೆ ಸಿಕ್ಕಿಕೊಂಡಿತು. ಮುಂದಿನ ಬೀಲುಗಳ ರೈತರು ಅದನ್ನು ನೋಡಿ ಒಪ್ಪಿಗೆ ಕೊಡಲು ಹಿಂಜರಿದರು. ಯೋಜನೆ ಕುಂಟಿದ್ದು ಭೂವಿಜ್ಞಾನದಲ್ಲಿ ಅಲ್ಲ, ಬಟವಾಡೆಯಲ್ಲಿ.

ಈಗ ಹಣದ ಮಾತು. ಬಾಂಗ್ಲಾದೇಶದ ಪಾಲು ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಆದರೂ ಕರಾವಳಿ ಒಡ್ಡುಗಳನ್ನು ಬಲಪಡಿಸಲು 2013ರಲ್ಲಿ ವಿಶ್ವಬ್ಯಾಂಕ್ ಒಪ್ಪಿದ 40 ಕೋಟಿ ಡಾಲರ್‌ನಲ್ಲಿ 37.5 ಕೋಟಿ ಸಾಲ. ಬಡ್ಡಿ ಕಡಿಮೆಯಿರಬಹುದು, ಸಾಲ ಸಾಲವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳ ಹೊಂದಾಣಿಕೆಗೆ ಈ ದಶಕದಲ್ಲಿ ವರ್ಷಕ್ಕೆ 21,500 ಕೋಟಿಯಿಂದ 38,700 ಕೋಟಿ ಡಾಲರ್ ಬೇಕು. 2022ರಲ್ಲಿ ಅಂತಾರಾಷ್ಟ್ರೀಯ ಸಾರ್ವಜನಿಕ ಮೂಲಗಳಿಂದ ಹರಿದದ್ದು ಸುಮಾರು 2,800 ಕೋಟಿ. 2024ರ ಬಾಕು ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್ ಒದಗಿಸುವ ಮುಂದಾಳತ್ವ ವಹಿಸುವುದಾಗಿ ಹೇಳಿವೆ, ಆದರೆ ಅದರಲ್ಲಿ ಸಾಲವೆಷ್ಟು, ಖಾಸಗಿ ಹಣವೆಷ್ಟು ಎಂಬುದನ್ನು ಬಿಗಿಯಾಗಿ ಕಟ್ಟಿಹಾಕಿಲ್ಲ. ಹಾಗೆಂದು ಎಲ್ಲ ದೋಷವೂ ಹೊರಗಿನದಲ್ಲ. ಬಾಂಗ್ಲಾದೇಶ ತನ್ನದೇ ಬೊಕ್ಕಸದಿಂದ ಹವಾಮಾನ ಬದಲಾವಣೆ ಟ್ರಸ್ಟ್ ನಿಧಿಯನ್ನು ಸ್ಥಾಪಿಸಿದ್ದು ಹೆಮ್ಮೆಯ ವಿಷಯವಾದರೂ, ಅದರ ಯೋಜನೆಗಳಲ್ಲಿನ ಅಕ್ರಮಗಳನ್ನು ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಅಲ್ಲಿನ ಶಾಖೆ ಮತ್ತೆ ಮತ್ತೆ ಬಯಲಿಗೆಳೆದಿದೆ.

ಆಂಫಾನ್ ಬಂದು ಹೋದ ಐದನೆಯ ದಿನ, ಈದ್ ಹಬ್ಬದ ಬೆಳಿಗ್ಗೆ, ಖುಲ್ನಾದ ಕೊಯ್ರಾದಲ್ಲಿ ಸಾವಿರಾರು ಜನ ಒಡೆದ ಒಡ್ಡನ್ನು ತಾವೇ ಕಟ್ಟಲು ಬಂದು, ಮೊಣಕಾಲುದ್ದದ ನೀರಿನಲ್ಲಿ ನಿಂತು ನಮಾಜು ಮಾಡಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅದನ್ನು ಜನರ ತಾಳಿಕೆಯ ಗುರುತೆಂದು ಮೆಚ್ಚಿದವರು ಅನೇಕರು. ನನಗೆ ಕಂಡದ್ದು, ಹತ್ತು ವರ್ಷ ದುರಸ್ತಿಯ ಬೇಡಿಕೆಯಿಟ್ಟು ಸೋತು, ಕೂಲಿಯಿಲ್ಲದೆ ಸರ್ಕಾರದ ಕೆಲಸವನ್ನು ಮಾಡುತ್ತಿದ್ದ ಜನ. ಹವಾಮಾನ ಬದಲಾವಣೆಯಿಂದಾಗುವ ಹಾನಿ ಮತ್ತು ನಷ್ಟಕ್ಕೆಂದು 2022ರಲ್ಲಿ ಶರ್ಮ್ ಎಲ್ ಶೇಖ್‌ನ ಹವಾಮಾನ ಸಮ್ಮೇಳನದಲ್ಲಿ ಒಪ್ಪಿ, 2023ರಲ್ಲಿ ದುಬೈಯಲ್ಲಿ ಚಾಲನೆ ಪಡೆದ ನಿಧಿಗೆ ಆರಂಭದಲ್ಲಿ ಘೋಷಣೆಯಾದದ್ದು ಸುಮಾರು 70 ಕೋಟಿ ಡಾಲರ್. ಅಷ್ಟರಲ್ಲೇ ಏನಾದರೂ ಮಾಡುವುದಿದ್ದರೆ, ಬೀಲನ್ನು ಉಬ್ಬರಕ್ಕೆ ಬಿಟ್ಟುಕೊಡುವ ರೈತನಿಗೂ ಗೇಣಿದಾರನಿಗೂ ಆ ವರ್ಷಗಳ ಬೆಳೆಯ ಬೆಲೆಯನ್ನು ಮುಂಗಡವಾಗಿ ಕೊಡುವುದರಿಂದ, ಮತ್ತು ಯಾವ ಒಡ್ಡನ್ನು ಯಾವಾಗ ತೆರೆಯಬೇಕೆಂಬ ತೀರ್ಮಾನದಲ್ಲಿ ಅವರಿಗೆ ಮತ ಕೊಡುವುದರಿಂದ ಶುರುವಾಗಲಿ.